ನಲವತ್ತೆರಡನೆಯ ಮೆಟ್ಟಿಲು

ಜೂನ್ 9

ಅಣ್ಣಾ,

ನಾನು ಬೆಟ್ಟಕ್ಕೆ ಬರುತ್ತಿದ್ದೇನೆ. ಕದ್ದು ಅಲ್ಲ, ಬೇಲಿ ಹಾರಿ ಅಲ್ಲ. ಎದೆಗೆ ನಂಬರು ಅಂಟಿಸಿಕೊಂಡು, ಮುಂಬಾಗಿಲಿನಿಂದ.

ನೀನು ಕೂಲಿ ಮಾಡುವ ಕಂಪನಿಯೇ ನಡೆಸುವ ಓಟ. ನೂರಾ ಅರವತ್ತು ಕಿಲೋಮೀಟರು ಬೆಟ್ಟದ ಹಾದಿ, ನಲವತ್ತು ಗಂಟೆಯ ಗಡುವು. ‘ದುಡಿಯುವ ಹೆಣ್ಣುಮಕ್ಕಳಿಗೆ’ ಹತ್ತು ಸೀಟು ಪುಕ್ಕಟೆಯಂತೆ. ನಮ್ಮ ಆಸ್ಪತ್ರೆಯ ಲಾಂಡ್ರಿಯ ಗೋಡೆಗೆ ಆ ಚೀಟಿ ಅಂಟಿಸಿದಾಗ ಎಲ್ಲರೂ ನಕ್ಕರು. ಇಸ್ತ್ರಿ ಮಾಡುವ ಅಕ್ಕ ಅಂದಳು: “ದಿನಾ ಹತ್ತು ಗಂಟೆ ನಿಂತು ಸಾಯ್ತೀವಿ, ಓಡ್ಕೊಂಡು ಸಾಯೋಕೆ ಬೇರೆ ಕರೀತಾರಾ?” ನಾನು ನಗಲಿಲ್ಲ. ಹೆಸರು ಕೊಟ್ಟೆ. ಮೊದಲು ಐವತ್ತು ಕಿಲೋಮೀಟರು ಓಡಿ ತೋರಿಸು ಅಂದರು. ತೋರಿಸಿದೆ. ಎರಡು ಉಗುರು ಹೋದವು, ಸೀಟು ಬಂತು.

ಯಾಕೆ ಅಂತ ನಿನಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ನಮ್ಮ ನಲವತ್ತು ಮನೆಗಳನ್ನು ಬೆಟ್ಟದಿಂದ ಇಳಿಸಿ ಹನ್ನೆರಡು ವರ್ಷವಾಯಿತು. ಅವತ್ತು ಲಾಠಿ ಹಿಡಿದವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಇನ್ನು ಈ ಕಾಡಿಗೆ ಮನುಷ್ಯರ ಕಾಲು ತಾಗಬಾರದು.’ ಈಗ ವರ್ಷಕ್ಕೊಮ್ಮೆ ನಾನೂರು ಜೋಡಿ ಕಾಲು ತಾಗುತ್ತವೆ. ಶೂ ಹಾಕಿದ ಕಾಲು ಕಾಲಲ್ಲ ಅಂತ ಕಾಣುತ್ತದೆ.

ಸಂಘದ ಕೇಸು ಎಲ್ಲಿ ನಿಂತಿದೆ ಗೊತ್ತಲ್ಲ. ವಿಚಾರಣೆಯ ಅಧಿಕಾರಿ ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಜನ ಇದ್ದರು ಅನ್ನುವುದಕ್ಕೆ ಏನಿದೆ? ಮನೆಗಳನ್ನು ಅವರೇ ಕೆಡವಿದರು. ಉಳಿದಿರುವುದು ಸತ್ತವರ ಕಲ್ಲುಗಳು ಮಾತ್ರ. ಒಂದು ಕಲ್ಲಿನ ಫೋಟೋ ಸಿಕ್ಕರೂ ಸಾಕು, ಸ್ಥಳ ಪರಿಶೀಲನೆಗೆ ಆದೇಶ ತರುತ್ತೇನೆ ಎನ್ನುತ್ತಾರೆ ನಮ್ಮ ವಕೀಲೆ. ನಿನ್ನನ್ನು ಕೇಳಿ ಕೇಳಿ ಸಾಕಾಯಿತು. ಕೂಲಿಯವರ ಫೋನನ್ನು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ ಅನ್ನುತ್ತೀಯ, ಸರಿ. ಓಡುವವರ ಹತ್ತಿರ ಮಾತ್ರ ಫೋನು ಇರಲೇಬೇಕಂತೆ. ಅವರದೇ ನಿಯಮ!

ಅವ್ವನ ಕಲ್ಲಿನ ಮೇಲೆ ಅಪ್ಪ ಹೆಸರಿನ ಕೆಳಗೆ ಇಸವಿಯನ್ನೂ ಕೆತ್ತಿದ್ದನಲ್ಲ? ಅಷ್ಟು ಸಾಕು. ಅದು ನಲವತ್ತು ಮನೆಗಳ ಪಟ್ಟಾ.

ಕಲ್ಲುಗಳು ಈಗ ಹೇಗಿವೆ, ಬರೆ. ರೇಷನ್ ವ್ಯಾನಿನ ಡ್ರೈವರಣ್ಣನ ಕೈಯಲ್ಲಿ ಕೊಡು, ತಲುಪುತ್ತದೆ.

ನಿನ್ನ ತಂಗಿ

*

ಜೂನ್ 30

ಕೂಸೇ,

ಬರಬೇಡ.

ಇದು ಬಸ್ಸು ಹಿಡಿಯಲು ಓಡುವ ಓಟವಲ್ಲ. ನಾನು ಮೂರು ವರ್ಷದಿಂದ ನೋಡುತ್ತಿದ್ದೇನೆ. ನೂರು ಕಿಲೋಮೀಟರು ದಾಟಿದ ಮೇಲೆ ಮನುಷ್ಯ ಮನುಷ್ಯನಾಗಿ ಇರುವುದಿಲ್ಲ. ಹೋದ ವರ್ಷ ಒಬ್ಬ ದೊಡ್ಡ ಆಫೀಸರು ಮರವನ್ನು ತಬ್ಬಿಕೊಂಡು ‘ಅಮ್ಮಾ, ಮನೆಗೆ ಹೋಗೋಣ’ ಎಂದು ಅಳುತ್ತಿದ್ದ. ಇನ್ನೊಬ್ಬನಿಗೆ ಕೋಕಾಕೋಲ ಬಣ್ಣದ ಉಚ್ಚೆ ಹೋಗಿ ಸ್ಟ್ರೆಚರಿನಲ್ಲಿ ಇಳಿಸಿದೆವು. ಅವರೆಲ್ಲ ತಿಂದುಂಡು ಬೆಳೆದವರು. ನೀನು ಬಟ್ಟೆ ಒಗೆದು ಬೆಳೆದವಳು.

ಸೀಟಿ ಸಾಹೇಬರು, ಅದೇ, ಕೊರಳಲ್ಲಿ ಯಾವಾಗಲೂ ಸೀಟಿ ತೂಗಾಡಿಸಿಕೊಂಡಿರುವ ನಮ್ಮ ಮ್ಯಾನೇಜರು, ಆ ಹತ್ತು ಸೀಟು ಇಟ್ಟಿರುವುದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ. ಫೋಟೋ ಹೊಡೆದು ಬೋರ್ಡಿಗೆ ಹಾಕಲು.

ಕಲ್ಲುಗಳು ಅಂತ ಕೇಳಿದೆ. ನಾನು ಆ ಕಡೆ ಹೋಗಿಲ್ಲ. ಗಿಡ ಬೆಳೆದು ಮುಚ್ಚಿರಬೇಕು. ಮಂಜಿನಲ್ಲಿ ನಿನಗೆ ಏನೂ ಕಾಣುವುದಿಲ್ಲ. ಸುಮ್ಮನೆ ಕಾಲು ಕಳೆದುಕೊಳ್ಳಬೇಡ.

ಅಣ್ಣ

*

ಆಗಸ್ಟ್ 17

ಅಣ್ಣಾ,

ನಿನ್ನ ಪತ್ರ ಓದಿ ಹೇಳಿದಾಗ ದೊಡ್ಡವ್ವ ಏನಂದಳು ಗೊತ್ತಾ? “ಕಲ್ಲಿನ ಕೆಲಸ ಮಾಡೀ ಮಾಡೀ ಅವನಿಗೆ ಎಲ್ಲ ಗಟ್ಟಿಯಾಯ್ತು, ಬೆನ್ನುಮೂಳೆ ಒಂದು ಬಿಟ್ಟು.” ಅವಳಿಗೀಗ ಎರಡೂ ಕಣ್ಣು ಮಂಜು. ಗಂಡನ ಕಲ್ಲನ್ನೂ ಅಲ್ಲೇ ಬಿಟ್ಟು ಬಂದವಳು, ಹಾಗಾಗಿ ನಾನು ಓಡುವುದು ಅವಳಿಗೂ ಸೇರಿ.

ಮೂರು ವರ್ಷದಿಂದ ಅದೇ ಬೆಟ್ಟದಲ್ಲಿದ್ದೀಯ. ಅವ್ವನ ಕಲ್ಲಿನ ಕಡೆ ಒಮ್ಮೆಯೂ ಹೋಗಿಲ್ಲ ಅಂತ ಬರೆಯಲು ನಿನ್ನ ಪೆನ್ನಿಗೆ ನಾಚಿಕೆಯಾಗಲಿಲ್ಲವೇ? ಕಂಪನಿ ಹಾಕುವ ಅನ್ನ ಅಷ್ಟು ರುಚಿಯೇ?

ನಾನು ಹೇಗೆ ತಯಾರಾಗುತ್ತಿದ್ದೇನೆ ಕೇಳು. ಒದ್ದೆ ಹಾಸಿಗೆ ಬಟ್ಟೆಯ ಮೂಟೆಯನ್ನು ಲಿಫ್ಟಿಗೆ ಹಾಕುವುದಿಲ್ಲ, ಬೆನ್ನಿಗೆ ಹಾಕಿಕೊಂಡು ಎಂಟು ಮಹಡಿ ಹತ್ತುತ್ತೇನೆ. ದಿನಕ್ಕೆ ಹನ್ನೆರಡು ಸಲ. ಕೆಲಸ ಮುಗಿದ ಮೇಲೆ, ಬೆಟ್ಟದಿಂದ ಇಳಿಸಿ ನಮ್ಮನ್ನು ಹಾಕಿದ ಈ ಕಾಲೋನಿಯವರೆಗೆ ಹದಿನಾಲ್ಕು ಕಿಲೋಮೀಟರು ಓಡುತ್ತೇನೆ. ದಾರಿಯಲ್ಲಿ ಬೀದಿನಾಯಿಗಳು ಮೊದಮೊದಲು ಅಟ್ಟಿಸಿಕೊಂಡು ಬರುತ್ತಿದ್ದವು. ಈಗ ಅವಕ್ಕೂ ಬೇಜಾರಾಗಿ ಬಾಲ ಅಲ್ಲಾಡಿಸಿ ಮಲಗುತ್ತವೆ. ಓಡುತ್ತಲೇ ತಿನ್ನುವುದು, ಓಡುತ್ತಲೇ ವಾಂತಿ ಮಾಡುವುದು, ಮತ್ತೆ ತಿನ್ನುವುದು, ಇದನ್ನೂ ಕಲಿತೆ. ಹೊಟ್ಟೆಯೂ ಒಂದು ಕೂಲಿಯಾಳು ಅಣ್ಣಾ, ಬೈದರೆ ಕೆಲಸ ಮಾಡುತ್ತದೆ.

ಅವರು ಇದನ್ನು ‘ತನ್ನನ್ನು ತಾನು ಕಂಡುಕೊಳ್ಳುವ ಓಟ’ ಅಂತ ಕರೆಯುತ್ತಾರೆ. ನಾನು ಕಳೆದುಹೋಗಿಲ್ಲ. ನಾನು ಹುಡುಕುತ್ತಿರುವುದು ಅವರು ಕಳೆದದ್ದನ್ನು.

ತಂಗಿ

*

ನವೆಂಬರ್ 24

ಅಣ್ಣಾ,

ಸೋತೆ. ನೂರಾ ಮೂವತ್ತೊಂದನೆಯ ಕಿಲೋಮೀಟರಿನಲ್ಲಿ, ಒಂಬತ್ತು ನಿಮಿಷಕ್ಕೆ.

ಎಲ್ಲಾದರೂ ಒಂದು ಕಡೆ ನೀನು ನಿಂತಿರುತ್ತೀಯ ಅಂತ ದಾರಿಯುದ್ದಕ್ಕೂ ನೋಡಿದೆ. ಕೂಲಿಯವರನ್ನು ಅವತ್ತು ಹಿಂದಿನ ಶೆಡ್ಡಿಗೆ ಕಳಿಸಿದ್ದರಂತೆ, ಫೋಟೋದಲ್ಲಿ ಬರಬಾರದು ಅಂತ. ನಿಜವೋ, ನೀನೇ ಬರಲಿಲ್ಲವೋ?

ಎಂಬತ್ತರವರೆಗೆ ಚೆನ್ನಾಗಿದ್ದೆ. ಆಮೇಲೆ ಅಂಗಾಲು ಬೆಂದ ಹಾಗಾಯಿತು. ಗುಳ್ಳೆಗಳು ಒಡೆದು ಕಾಲುಚೀಲವೂ ಚರ್ಮವೂ ಒಂದಾದವು. ಇಳಿಜಾರಿನಲ್ಲಿ ಒಂದೊಂದು ಹೆಜ್ಜೆಗೂ ಉಗುರು ಶೂವಿಗೆ ಗುದ್ದುತ್ತಿತ್ತು. ನೂರರ ನಂತರ ಮರಗಳ ಮೇಲೆಲ್ಲ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಣಹಾಕಿದ ಹಾಗೆ ಕಾಣತೊಡಗಿತು. ಎಲ್ಲಾ ಒದ್ದೆ, ಎಲ್ಲಾ ನಾನೇ ಮಡಿಸಬೇಕು. ನಿಂತು ಒಂದನ್ನು ಎಳೆದೆ, ಕೊಂಬೆ ಮುರಿದು ಕೈಗೆ ಬಂತು.

ನಮ್ಮ ಜಾಗಕ್ಕೆ ಬಂದಾಗ ಎರಡನೆಯ ದಿನದ ಬೆಳಿಗ್ಗೆ. ನೀನು ಹೇಳಿದ ಹಾಗೇ ಮಂಜು. ಏರು ಶುರುವಾಗುವ ಮುಂಚಿನ ಆ ಮಟ್ಟಸ ಜಾಗ, ಅವ್ವನನ್ನು ಮಲಗಿಸಿದ ಜಾಗ, ನಾನು ಕಣ್ಣು ಮುಚ್ಚಿ ಗುರುತಿಸಬಲ್ಲೆ. ಹಾದಿ ಬಿಟ್ಟು ಒಂದೂವರೆ ಗಂಟೆ ಕೈಕಾಲೂರಿಕೊಂಡು ತಡಕಾಡಿದೆ. ಒಂದು ಕಲ್ಲೂ ಸಿಗಲಿಲ್ಲ. ಬರೀ ಗುಂಡಿಗಳು, ಅದರಲ್ಲಿ ಹುಲ್ಲು. ನನ್ನ ತಲೆ ಕೆಟ್ಟಿತ್ತೋ, ಜಾಗವೇ ತಪ್ಪಿತೋ? ನೀನೇ ಹೇಳಬೇಕು.

ಅಲ್ಲಿಂದ ಮೇಲಕ್ಕೆ ಹತ್ತಲು ಜೀವವಿರಲಿಲ್ಲ. ಹಿಂದೆ ಅದು ಕೆಸರಿನ ಜಾರು, ನೆನಪಿದೆಯಲ್ಲ? ಈಗ ಯಾರೋ ಪುಣ್ಯಾತ್ಮರು ಕಲ್ಲಿನ ಮೆಟ್ಟಿಲು ಹಾಕಿದ್ದಾರೆ. ಎಷ್ಟು ಹದವಾಗಿ ಕೂರಿಸಿದ್ದಾರೆ ಅಂತೀ, ಒಂದೂ ಅಲುಗುವುದಿಲ್ಲ. ನಿದ್ದೆ ಬರಬಾರದೆಂದು ಎಣಿಸುತ್ತಾ ಹತ್ತಿದೆ: ಅರವತ್ತನಾಲ್ಕು. ಮಧ್ಯೆ ಒಂದರ ಮೇಲೆ ಕೆನ್ನೆ ಇಟ್ಟು ಹತ್ತು ನಿಮಿಷ ಮಲಗಿಬಿಟ್ಟೆ. ಕಲ್ಲು ತಣ್ಣಗಿತ್ತು. ಇಡೀ ಬೆಟ್ಟದಲ್ಲಿ ನನಗೆ ಸಿಕ್ಕ ಸುಖ ಅದೊಂದೇ. ಆ ಮೆಟ್ಟಿಲು ಹಾಕಿದವನ ಕೈ ನೂರು ವರ್ಷ ಚೆನ್ನಾಗಿರಲಿ.

ಮುಂದಿನ ಡೇರೆಯಲ್ಲಿ ಸೀಟಿ ಸಾಹೇಬರು ಕತ್ತರಿ ಹಿಡಿದು ನಿಂತಿದ್ದರು. “ಟೈಮ್ ಆಯ್ತಮ್ಮ, ಮುಂದಿನ ಸಲ ನೋಡೋಣ” ಎಂದು ನಗುನಗುತ್ತಾ ಎದೆಯ ನಂಬರು ಕತ್ತರಿಸಿಕೊಂಡರು.

ಮುಂದಿನ ಸಲ ಖಂಡಿತ ನೋಡುತ್ತೇನೆ. ಬೇಗ ಬರೆ. ಕಲ್ಲುಗಳು ಎಲ್ಲಿ?

ತಂಗಿ

*

ಏಪ್ರಿಲ್ 2

ಕೂಸೇ,

ನಾಲ್ಕು ತಿಂಗಳು ಸುಮ್ಮನಿದ್ದೆ. ಆಮೇಲೆ ನೀನು ಬರೆದ ಮೂರು ಪತ್ರಗಳೂ ಬಂದಿವೆ. ಬೈಗುಳ ಎಲ್ಲವನ್ನೂ ಓದಿದ್ದೇನೆ. ಅವೆಲ್ಲ ಸಾಲದು.

ಜಾಗ ತಪ್ಪಿಲ್ಲ. ಆ ಗುಂಡಿಗಳೇ ಕಲ್ಲುಗಳಿದ್ದ ಜಾಗ. ಮೆಟ್ಟಿಲು ಹಾಕಿದ ಪುಣ್ಯಾತ್ಮ ನಾನು.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಆ ಜಾರಿನಲ್ಲಿ ಓಟಗಾರರು ಬೀಳುತ್ತಾರೆ, ಮೆಟ್ಟಿಲು ಬೇಕು ಅಂದರು. ‘ಕೆಳಗೆ ಚಪ್ಪಟೆ ಕಲ್ಲು ಬೇಕಾದಷ್ಟು ಬಿದ್ದಿವೆ, ಹೊತ್ತು ತರುವ ಖರ್ಚಿಲ್ಲ’ ಎಂದು ಸೀಟಿ ಸಾಹೇಬರು ಕೈ ತೋರಿಸಿದರು. ಬಿದ್ದಿರಲಿಲ್ಲ, ನಿಂತಿದ್ದವು. ಗುಂಪಿನಲ್ಲಿ ಕಲ್ಲಿನ ಕೆಲಸ ಬಲ್ಲವನು ನಾನೊಬ್ಬನೇ. ಬಾಯಿ ಬಿಡಬೇಕಿತ್ತು. ಬಿಟ್ಟರೆ ನಾನು ಯಾರು ಅಂತ ತಿಳಿಯುತ್ತಿತ್ತು. ಇಳಿಸಿದ ಮನೆಯವರನ್ನು ಇಲ್ಲಿ ಕೆಲಸಕ್ಕಿಟ್ಟುಕೊಳ್ಳುವುದಿಲ್ಲ, ಊರು ಸುಳ್ಳು ಹೇಳಿ ಸೇರಿದ್ದೆ. ಯಾಕೆ ಸೇರಿದೆ? ಬೆಟ್ಟದಲ್ಲಿ ಇರಬಹುದಲ್ಲ ಅಂತ. ನಗು ಬಂದರೆ ನಗು.

ನಾನು ಹಾಕದಿದ್ದರೆ ಇನ್ನೊಬ್ಬ ಹಾಕುತ್ತಿದ್ದ. ಅವನು ಬರೆದ ಮುಖವನ್ನು ಮೇಲಕ್ಕೆ ಹಾಕಿದ್ದರೆ ನಾನೂರು ಜನರ ಶೂ ಅವ್ವನ ಹೆಸರಿನ ಮೇಲೆ ಹೋಗುತ್ತಿತ್ತು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಒಂದೊಂದನ್ನೂ ಮುಖ ಕೆಳಗೆ ಮಾಡಿ ಮಣ್ಣಿಗೆ ಕೂರಿಸಿದೆ. ಅರವತ್ತನಾಲ್ಕರಲ್ಲಿ ಹನ್ನೊಂದು ನಮ್ಮವರದು, ಉಳಿದವು ಬಂಡೆ ಒಡೆದು ತಂದವು. ಇಸವಿ ಇರುವುದು ಅವ್ವನದಕ್ಕೆ ಮಾತ್ರ. ಒಂದೂ ಅಲುಗುವುದಿಲ್ಲ ಅಂದೆಯಲ್ಲ, ಹೌದು. ಅಪ್ಪ ಕಲಿಸಿದ ಕೆಲಸ. ಅಷ್ಟು ಹದವಾಗಿ ನಾನು ಮತ್ಯಾವ ಕೆಲಸವನ್ನೂ ಮಾಡಿಲ್ಲ.

ಕೆನ್ನೆ ಇಟ್ಟು ಮಲಗಿದ್ದು ಎಷ್ಟನೆಯದರ ಮೇಲೆ ಅಂತ ನನಗೆ ಬರೆಯಬೇಡ.

ಅಣ್ಣ

*

ಏಪ್ರಿಲ್ 19

ನಿನ್ನನ್ನು ಏನೆಂದು ಕರೆಯಲಿ ತಿಳಿಯದೆ ಹಾಗೇ ಶುರು ಮಾಡುತ್ತಿದ್ದೇನೆ.

ಪೊಲೀಸಿನವನು ನಮ್ಮ ಮನೆ ಕೆಡವಿದ. ಅವನಿಗೆ ನಮ್ಮ ಸಂಬಂಧವಿರಲಿಲ್ಲ. ನೀನು ಹೆತ್ತವಳನ್ನು ಮೆಟ್ಟಿಲು ಮಾಡಿದೆ. ನನ್ನಿಂದಲೂ ತುಳಿಸಿದೆ, ಕೈ ಚೆನ್ನಾಗಿರಲಿ ಅಂತ ನನ್ನ ಬಾಯಲ್ಲೇ ಹರಸಿಸಿಕೊಂಡೆ. ನಾಲ್ಕು ತಿಂಗಳು ಆ ಹರಕೆಯನ್ನು ಜೇಬಿನಲ್ಲಿಟ್ಟುಕೊಂಡು ಅನ್ನ ತಿಂದೆ. ಥೂ.

ಎಂಟು ದಿನ ಬರೆಯಲಿಲ್ಲ. ಇವತ್ತು ವಕೀಲೆಯ ಹತ್ತಿರ ಹೋಗಿದ್ದೆ. ಮೊದಲು ಅವರೂ ಬೈದರು, ಆಮೇಲೆ ಎದ್ದು ನಿಂತರು. “ಅಂದ್ರೆ ಕಲ್ಲು ಹಾಳಾಗಿಲ್ಲ. ಬರಹ ಮಣ್ಣೊಳಗೆ ಭದ್ರವಾಗಿದೆ. ಕಂಪನಿ ತಾನೇ ತನ್ನ ಮೆಟ್ಟಿಲಲ್ಲಿ ನಿಮ್ಮ ಪುರಾವೆ ಇಟ್ಟುಕೊಂಡಿದೆ.” ಆದರೆ ನಿನ್ನ ಮಾತು ಒಂದೇ ನಿಲ್ಲುವುದಿಲ್ಲವಂತೆ. ನೀನು ಇಳಿಸಿದ ಮನೆಯವನು, ಸುಳ್ಳು ಹೇಳಿ ಸೇರಿದವನು, ಹೊಟ್ಟೆಕಿಚ್ಚಿಗೆ ಹೇಳುತ್ತಾನೆ ಅನ್ನುತ್ತಾರೆ. ಫೋಟೋ ಬೇಕು. ಜಾಗವೂ ಗಂಟೆಯೂ ತಾನಾಗಿ ದಾಖಲಾಗುವ ಫೋಟೋ.

ನಾನು ಮತ್ತೆ ಓಡುತ್ತೇನೆ. ನೀನು ಮಾಡಬೇಕಾದ್ದು ಇಷ್ಟು. ಓಟದ ಹಿಂದಿನ ದಿನ ಅವ್ವನ ಕಲ್ಲನ್ನು ಸಡಿಲ ಮಾಡು, ಓಡುವಾಗ ಊರುವ ಕೋಲಿನಿಂದ ನಾನು ಮೀಟಿದರೆ ಏಳಬೇಕು. ಎಷ್ಟನೆಯ ಮೆಟ್ಟಿಲು ಅಂತ ಬರೆ. ಇದನ್ನು ಮಾಡಿದರೆ ಮತ್ತೆ ಅಣ್ಣ ಅನ್ನುತ್ತೇನೆ.

*

ಅಕ್ಟೋಬರ್ 28

ಕೂಸೇ,

ಮಾಡುತ್ತೇನೆ.

ನಲವತ್ತೆರಡನೆಯ ಮೆಟ್ಟಿಲು.

ನಿನಗೆ ಆಗಲೇ ಓಟದ ದಾರಿಯ ಪುಸ್ತಕ ಕಳಿಸಿರಬೇಕು: ಈ ಸಲ ಓಟದ ದಿಕ್ಕು ತಿರುಗಿಸಿದ್ದಾರೆ. ಹೋದ ವರ್ಷ ಹತ್ತಿದ ಮೆಟ್ಟಿಲನ್ನು ಈ ವರ್ಷ ಇಳಿಯುತ್ತೀಯ. ನಲವತ್ತೆಂಟನೆಯ ಕಿಲೋಮೀಟರಿನಲ್ಲೇ ಸಿಗುತ್ತದೆ, ಹಗಲು ಹೊತ್ತು. ಒಳ್ಳೆಯದಾಯಿತು.

ಓಡುವವರು ಕಾಲಿಟ್ಟರೆ ತಡೆದುಕೊಳ್ಳುವ ಹಾಗೆ, ಮೀಟಿದರೆ ಏಳುವ ಹಾಗೆ, ಅಡಿಯಲ್ಲಿ ಚಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತೇನೆ. ನಿಧಾನವಾಗಿ ಎಬ್ಬಿಸು, ಕೈ ಜಜ್ಜಿಕೊಳ್ಳಬೇಡ. ಫೋಟೋ ತೆಗೆದ ಮೇಲೆ ಮತ್ತೆ ಮುಖ ಕೆಳಗೆ ಮಾಡು.

ಅಣ್ಣ ಅಂತ ಕರೆಯದಿದ್ದರೂ ಪರವಾಗಿಲ್ಲ.

*

ನವೆಂಬರ್ 26

ಅಣ್ಣಾ,

ನೀನು ಹೇಳಿದ್ದನ್ನು ಮಾಡಿದೆ, ಹಾಗಾಗಿ ಅಣ್ಣಾ. ಆದರೆ ನಾವಿಬ್ಬರೂ ಸೇರಿ ಏನು ಮಾಡಿಬಿಟ್ಟೆವು ಕೇಳು.

ಮಧ್ಯಾಹ್ನ ಮೆಟ್ಟಿಲ ತಲೆಗೆ ಬಂದೆ. ಹಿಂದೆ ಉಳಿದವರು ಹತ್ತು ಹದಿನೈದು ಜನ. ಬೇಕೆಂದೇ ಹಿಂದೆ ಬಿದ್ದಿದ್ದೆ. ನೀನು ಬರೆದದ್ದು ನಲವತ್ತೆರಡು. ಕಲ್ಲಿನ ಕೆಲಸದವನು ಮೆಟ್ಟಿಲನ್ನು ಕೆಳಗಿನಿಂದ ಎಣಿಸುತ್ತಾನೆ, ಕೆಳಗಿನಿಂದಲೇ ಕಟ್ಟುತ್ತಾ ಹೋಗುವುದು. ‘ಮೊದಲ ಮೆಟ್ಟಿಲು ಅಂದರೆ ನೆಲಕ್ಕೆ ತಾಗಿದ್ದು’ ಅಂತ ಅಪ್ಪ ನಮ್ಮಿಬ್ಬರ ತಲೆಗೂ ಮೊಟಕಿ ಹೇಳಿದ್ದನಲ್ಲ. ನಾನು ಇಳಿಯುವವಳು. ಅರವತ್ತನಾಲ್ಕರಲ್ಲಿ ಕೆಳಗಿನಿಂದ ನಲವತ್ತೆರಡನೆಯದು ಅಂದರೆ ಮೇಲಿನಿಂದ ಇಪ್ಪತ್ತಮೂರನೆಯದು. ಇದನ್ನು ಎರಡು ವಾರ ಬಾಯಿಪಾಠ ಮಾಡಿದ್ದೆ. ಇಪ್ಪತ್ತಮೂರಕ್ಕೆ ನಿಂತು ಕೋಲು ತುರುಕಿದೆ.

ಅಲುಗಲಿಲ್ಲ. ಸುತ್ತ ಮಣ್ಣು ಅಗೆದೆ. ಕೋಲಿನ ಮೊನೆ ಮುರಿಯಿತು, ಬೆರಳಿನಿಂದ ಅಗೆದೆ. ಹಿಂದಿನಿಂದ ಬಂದವರೆಲ್ಲ ನನ್ನನ್ನು ಬಳಸಿ ಇಳಿದು ಹೋದರು. ಕೊನೆಗೆ ಬಂದವನು ಒಬ್ಬ ಶಾಲೆ ಮಾಸ್ತರ, ನಲವತ್ತು ದಾಟಿದವನು, ದಾರಿಯುದ್ದಕ್ಕೂ ಎಲ್ಲರನ್ನೂ ನಗಿಸುತ್ತಾ ಬರುತ್ತಿದ್ದವನು. ನನ್ನನ್ನು ನೋಡಿ ನಿಂತ. “ಏನಮ್ಮಾ, ಬೆಟ್ಟ ಅಗೆದು ಇಲಿ ಹಿಡೀತಿದ್ದೀರಾ?” ನನಗೂ ನಗು ಬಂತು. ಅವನು ಇಳಿದು ಹೋದ. ಅದೇ ಹೊತ್ತಿಗೆ ನನ್ನ ಕಲ್ಲು ಎದ್ದಿತು. ತಿರುಗಿಸಿದೆ. ಬೋಳು. ಬಂಡೆ ಒಡೆದು ತಂದ ಬರೀ ಕಲ್ಲು.

ಆಗ ಕೆಳಗಿನಿಂದ ಕೂಗು ಕೇಳಿತು.

ಹತ್ತೊಂಬತ್ತು ಮೆಟ್ಟಿಲು ಕೆಳಗೆ ಮಾಸ್ತರ ಬಿದ್ದಿದ್ದ. ನೀನು ಸಡಿಲ ಮಾಡಿದ ಕಲ್ಲು ನಾನೂರು ಜನರ ಕಾಲು ತಡೆದು, ಕೊನೆಯ ಕಾಲಿಗೆ ಮಗುಚಿ ಮೊಣಕಾಲಿಂದ ಕೆಳಗೆ ಅವನ ಕಾಲಿನ ಮೇಲೆ ಬಿದ್ದಿತ್ತು. ಮುಖ ಮೇಲೆ, ಅಣ್ಣಾ. ಅವ್ವನ ಹೆಸರು, ಅಪ್ಪ ಒತ್ತಕ್ಷರ ಬಿಟ್ಟು ಕೆತ್ತಿದ ಹೆಸರು, ಕೆಳಗೆ ಇಸವಿ, ಒಂದು ಅಂಕಿಯೂ ಸವೆದಿಲ್ಲ.

ನೀನು ನಲವತ್ತೆರಡು ಅಂತ ಬರೆದದ್ದು ಮೇಲಿನಿಂದ. ನಾನು ಇಳಿಯುವವಳು ಅಂತ ನನ್ನ ಸಲುವಾಗಿ ಲೆಕ್ಕ ತಿರುಗಿಸಿ ಬರೆದಿದ್ದೆ. ನೀನು ಕಲ್ಲು ಕೆಲಸದವನು ಅಂತ ನಾನು ಮತ್ತೆ ತಿರುಗಿಸಿದೆ. ಒಬ್ಬರಿಗೊಬ್ಬರು ಅನುಕೂಲ ಮಾಡಿಕೊಡಲು ಹೋಗಿ ಒಬ್ಬನ ಕಾಲು ಮುರಿದೆವು.

ಮೊದಲು ಏನು ಮಾಡಿದೆ ಅಂತ ಕೇಳುತ್ತೀಯ. ಸುಳ್ಳು ಹೇಳುವುದಿಲ್ಲ. ಮೊದಲು ಫೋಟೋ ತೆಗೆದೆ. ಆಮೇಲೆ ಕಲ್ಲು ಸರಿಸಿದೆ. ಮೂರು ಸೆಕೆಂಡು ಇರಬಹುದು. ಆ ಮೂರು ಸೆಕೆಂಡು ಅವನು ನನ್ನನ್ನೇ ನೋಡುತ್ತಿದ್ದ.

ಅವನನ್ನು ನಮ್ಮ ಆಸ್ಪತ್ರೆಗೇ ತಂದರು. ಕಾಲು ಉಳಿಯಲಿಲ್ಲ. ಅವನ ಹಾಸಿಗೆ ಬಟ್ಟೆ ನನ್ನ ಮೂಟೆಗೇ ಬರುತ್ತದೆ.

ಫೋಟೋ ನೋಡಿ ವಕೀಲೆ ಕುಣಿಯುವುದೊಂದು ಬಾಕಿ. ಆಮೇಲೆ ಕುಳಿತು ಕೇಳಿದರು, ಕಲ್ಲು ಸಡಿಲ ಮಾಡಿದ್ದು ಯಾರು ಅಂತ. “ಇದನ್ನ ಹಾಕಿದ್ರೆ ನಿಮ್ಮ ಕೇಸು ಗೆಲ್ಲಬಹುದು. ನಿಮ್ಮಣ್ಣ ಜೈಲಿಗೆ ಹೋಗ್ತಾನೆ. ಎರಡೂ ನಿಜ. ಹಾಕೋದೋ ಬಿಡೋದೋ ನೀನು ಹೇಳು.” ಜನವರಿ ಹದಿನೆಂಟಕ್ಕೆ ಕೊನೆಯ ವಿಚಾರಣೆ.

ಏನು ಮಾಡಲಿ, ಹೇಳು.

ತಂಗಿ

*

ಡಿಸೆಂಬರ್ 14

ಕೂಸೇ,

ಹಾಕು.

ಇದಕ್ಕೆ ಯೋಚನೆ ಯಾಕೆ? ನಲವತ್ತು ಮನೆ ಒಂದು ಕಡೆ, ನಾನು ಒಂದು ಕಡೆ. ತಕ್ಕಡಿ ಹಿಡಿಯುವಷ್ಟು ತೂಕವೂ ನನಗಿಲ್ಲ. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಬದುಕಿದವನಿಗೆ ಜೈಲು ಹೊಸ ಜಾಗವೇನಲ್ಲ.

ಇನ್ನೊಂದು ತಿಳಿದುಕೊ. ಮೆಟ್ಟಿಲುಗಳ ಮೇಲೆ ಕಾಂಕ್ರೀಟು ಹಾಕಿಸಿದರು, ಓಟಗಾರರ ಸುರಕ್ಷತೆಗಂತೆ. ಹಾಕಿದವರು ನಾವೇ. ಅವ್ವನ ಕಲ್ಲನ್ನು ಮೊದಲು ಒಡೆದು ಜಲ್ಲಿ ಮಾಡಲು ಹೇಳಿದರು. ನಾನು ಒಲ್ಲೆ ಅಂದೆ. ಅಷ್ಟು ವರ್ಷದಲ್ಲಿ ಅದೊಂದು ಮಾತು ಬಾಯಿಂದ ಬಂತು. ಇನ್ನೊಬ್ಬ ಒಡೆದ. ಈಗ ಪರಿಶೀಲನೆಗೆ ಯಾರು ಬಂದರೂ ಸಿಗುವುದು ಸಿಮೆಂಟು. ಉಳಿದಿರುವುದು ನಿನ್ನ ಫೋಟೋ ಒಂದೇ.

ಹದಿನೆಂಟಕ್ಕೆ ನಾನೂ ಬರಲು ನೋಡುತ್ತೇನೆ. ಬಿಡದಿದ್ದರೆ ಫೋಟೋ ಸಾಕು. ನಾನೇ ಸಡಿಲ ಮಾಡಿದೆ ಅಂತ ಈ ಪತ್ರದಲ್ಲೇ ಬರೆದು ರುಜು ಹಾಕಿದ್ದೇನೆ. ವಕೀಲೆಗೆ ಕೊಡು.

ಹಲವು ವರ್ಷದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ ಇವತ್ತು.

ಅಣ್ಣ

*

ಜನವರಿ 22

ಅಣ್ಣಾ,

ಹಾಕಲಿಲ್ಲ.

ನಿನ್ನನ್ನು ಗೇಟು ದಾಟಲು ಬಿಡಲಿಲ್ಲ ಎಂದು ಡ್ರೈವರಣ್ಣ ಹೇಳಿದ. ಒಳ್ಳೆಯದಾಯಿತು. ಬಂದಿದ್ದರೆ ನನ್ನ ಮುಖ ನೋಡಬೇಕಾಗುತ್ತಿತ್ತು.

ಸಂಘದಲ್ಲಿ ಹದಿನಾರನೆಯ ವಯಸ್ಸಿನಿಂದ ಘೋಷಣೆ ಕೂಗಿದವಳು ನಾನು. ನಮ್ಮ ಮನೆಗಿಂತ ನಮ್ಮ ಜನ ದೊಡ್ಡದು ಅಂತ ಎಷ್ಟು ಸಭೆಯಲ್ಲಿ ಹೇಳಿದ್ದೇನೆ! ನಿನ್ನನ್ನು ಬೆನ್ನುಮೂಳೆಯಿಲ್ಲದವನು ಅಂತ ಕುಟುಕಿದವಳು. ಹಿಂದಿನ ದಿನದವರೆಗೂ ಹಾಕುತ್ತೇನೆ ಅಂತಲೇ ಇದ್ದೆ. ನಿನ್ನ ಪತ್ರ, ಫೋಟೋ ಎರಡೂ ಚೀಲದಲ್ಲಿದ್ದವು. ಹೊರಡುವ ಮುಂಚೆ ಮಾಸ್ತರನ ವಾರ್ಡಿಗೆ ಹೋದೆ, ಎಲ್ಲ ಹೇಳಿಬಿಡಬೇಕು ಅಂತ. ಅವನು ಊರುಗೋಲು ಹಿಡಿದು ನಡೆಯಲು ಕಲಿಯುತ್ತಿದ್ದ. ನಾನು ಬಾಯಿ ತೆರೆಯುವ ಮುಂಚೆ ಅವನೇ ಅಂದ: “ನನ್ನ ಹೆಜ್ಜೆ ತಪ್ಪಿತಮ್ಮ. ಕಲ್ಲನ್ನ ಬೈದು ಏನು ಮಾಡೋದು?” ಆ ನೋವಿನಲ್ಲಿ ಅವನು ಮೂರು ಸೆಕೆಂಡನ್ನು ಮರೆತಿದ್ದಾನೋ, ಮರೆತ ಹಾಗೆ ಮಾಡಿದನೋ ತಿಳಿಯದು. ನನಗೆ ಆ ಕಾಲು ಕಂಡಿತು, ಅದರ ಬದಲಿಗೆ ನಿನ್ನ ಎಷ್ಟು ವರ್ಷ ಕೇಳುತ್ತಾರೆ ಅಂತ ಲೆಕ್ಕ ಬಂತು. ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಈಗ ಅವಳ ಕಲ್ಲೂ ಇಲ್ಲ. ನನಗೆ ಉಳಿದವನು ನೀನೊಬ್ಬ.

ಅಧಿಕಾರಿ ಕೇಳಿದ: “ಹೊಸ ಪುರಾವೆ ಏನಾದ್ರೂ ಇದೆಯಾ?” ವಕೀಲೆ ನನ್ನ ಕಡೆ ತಿರುಗಿದರು. ನಾನು ತಲೆ ಅಲ್ಲಾಡಿಸಿದೆ, ಇಲ್ಲ ಅಂತ. ಅವರು ಕಡತದ ದಾರ ಕಟ್ಟಿದರು. ಆದೇಶ ಎರಡು ದಿನಕ್ಕೇ ಬಂತು: ‘ಸದರಿ ಪ್ರದೇಶದಲ್ಲಿ ಜನವಸತಿ ಇದ್ದ ಬಗ್ಗೆ ಯಾವುದೇ ಪುರಾವೆ ಕಂಡುಬಂದಿರುವುದಿಲ್ಲ.’ ನಾವು ಎಂದೂ ಇರಲಿಲ್ಲ ಅಣ್ಣಾ. ನೀನೂ ನಾನೂ ಗಾಳಿಯಲ್ಲಿ ಹುಟ್ಟಿದವರು.

ಅವತ್ತು ಕಚೇರಿಯ ಹೊರಗೆ ಮೆಟ್ಟಿಲ ಮೇಲೆ ನಲವತ್ತು ಮನೆಯವರೂ ಕುಳಿತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ, ಎರಡು ಸಲ ಓಡಿದ ಹುಡುಗಿ ಅಂತ ನೀರು ಕೊಟ್ಟರು. ದೊಡ್ಡವ್ವ ಕೈ ಹಿಡಿದು ಕೇಳಿದಳು: “ಹೋಗ್ಲಿ ಬಿಡು. ಕಲ್ಲುಗಳನ್ನಾದ್ರೂ ನೋಡಿದ್ಯಲ್ಲ? ನಮ್ಮೆಜಮಾನ್ರದು ನೆಟ್ಟಗಿತ್ತಾ?”

ನೋಡಿದೆ, ನೆಟ್ಟಗಿದೆ, ಸುತ್ತ ಹುಲ್ಲೂ ಬೆಳೆದಿಲ್ಲ ಅಂದೆ.

ತಂಗಿ

*

ಫೆಬ್ರವರಿ 8

ತಂಗಿಗೆ,

ನಿನ್ನ ಪತ್ರ ಬಂದ ಮಾರನೆಯ ದಿನವೇ ಕೆಲಸ ಬಿಟ್ಟೆ. ಕೆಳಗಿನ ಠಾಣೆಗೆ ನಡೆದು ಹೋದೆ. ನಾನು ಒಳಗೆ ಹೋದರೆ ನಿನಗೆ ಮುಚ್ಚಿಡಲು ಏನೂ ಉಳಿಯುವುದಿಲ್ಲ, ಮೇಲಿನ ಕೋರ್ಟಿಗಾದರೂ ಫೋಟೋ ಹಾಕುತ್ತೀಯ ಅಂತ ನನ್ನ ಲೆಕ್ಕ.

ಮೇಜಿನ ಹಿಂದಿದ್ದವರಿಗೆ ಎಲ್ಲ ಹೇಳಿದೆ. ಕಲ್ಲು ಸಡಿಲ ಮಾಡಿದವನು ನಾನು, ಒಬ್ಬರ ಕಾಲು ಹೋಗಿದೆ, ಬರೆದುಕೊಳ್ಳಿ ಅಂದೆ. ಅವರು ಒಂದು ಫೋನು ಮಾಡಿದರು, ಕಂಪನಿಗೆ. ಮಾತಾಡುತ್ತಾ ಮಾತಾಡುತ್ತಾ ನಗತೊಡಗಿದರು. ಫೋನಿಟ್ಟು ನನಗೆ ತಿಳಿಸಿ ಹೇಳಿದರು, ಮಗುವಿಗೆ ಹೇಳುವ ಹಾಗೆ. “ಓಡೋರೆಲ್ಲ ಮೊದ್ಲೇ ರುಜು ಹಾಕಿರ್ತಾರಪ್ಪ. ಕಾಲು ಮುರಿದ್ರೂ ಜೀವ ಹೋದ್ರೂ ನಮ್ಮದೇ ಹೊಣೆ, ಯಾರ ಮೇಲೂ ದೂರಿಲ್ಲ ಅಂತ. ಆ ಮಾಸ್ತರೂ ದೂರು ಕೊಟ್ಟಿಲ್ಲ. ಕಂಪನಿಗೂ ಬೇಡ, ಹೆಸರು ಕೆಡುತ್ತೆ. ಕೇಸೇ ಇಲ್ಲ. ಹೋಗು, ಊಟ ಮಾಡು.”

ಎಂದೂ ಇರಲಿಲ್ಲ, ತಂಗಿ. ನಿನ್ನ ವಕೀಲೆ ಹೆದರಿದ ಕೇಸು, ನೀನು ನನ್ನನ್ನು ಉಳಿಸಿದ ಜೈಲು, ಯಾವುದೂ ಇರಲಿಲ್ಲ. ಆ ಕಾಗದಕ್ಕೆ ನೀನೂ ಎರಡು ಸಲ ರುಜು ಹಾಕಿದ್ದೀಯ. ಓದದೆ ಹಾಕಿದೆ. ಎಲ್ಲರೂ ಓದದೆಯೇ ಹಾಕುತ್ತಾರೆ.

ಠಾಣೆಯಿಂದಲೇ ವಕೀಲೆಯ ಆಫೀಸಿಗೆ ಹೋಗಿ ಬಂದೆ. ಮೇಲಿನ ಕೋರ್ಟು ಹೊಸ ಪುರಾವೆ ತೆಗೆದುಕೊಳ್ಳುವುದಿಲ್ಲವಂತೆ, ಕೈಯಲ್ಲಿದ್ದೂ ಕೊಡದೆ ಹೋದದ್ದನ್ನಂತೂ ಖಂಡಿತ ಇಲ್ಲವಂತೆ. ನಿನಗೆ ಫೋನು ಮಾಡಿ ಹೇಳಲು ತಮ್ಮ ಕೈಲಾಗದು, ನಾನೇ ಬರೆದು ತಿಳಿಸಬೇಕು ಅಂದರು.

ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಲು ನನಗೆ ಯಾವ ಬಾಯಿದೆ? ನೀನು ನನ್ನನ್ನು ಒಂದೇ ಒಂದು ಮಾತು ಕೇಳಿದ್ದೆ, ಏನು ಮಾಡಲಿ ಅಂತ. ನಾನು ಹೇಳಿದ್ದೆ.

ಈಗ ಬಸ್ ನಿಲ್ದಾಣದಲ್ಲಿ ಕುಳಿತು ಬರೆಯುತ್ತಿದ್ದೇನೆ. ಕಾಲೋನಿಗೆ ಎರಡು ಬಸ್ಸು ಹೋದವು, ಹತ್ತಲಿಲ್ಲ. ಹತ್ತಿದರೆ ನಲವತ್ತು ಬಾಗಿಲು ಇವೆ, ಪ್ರತಿಯೊಂದರಲ್ಲೂ ನಿಂತು ಫೋಟೋ ಇತ್ತು ಅಂತ ಹೇಳಬೇಕು. ಇಬ್ಬರಲ್ಲಿ ಒಬ್ಬರಾದರೂ ಹೇಳಲೇಬೇಕು. ನೀನು ಹೇಳುತ್ತೀಯ ಅಂತ ನಾನು ಇಲ್ಲಿ ಕುಳಿತಿದ್ದೇನೆ. ನಾನು ಬಂದು ಹೇಳಲಿ ಅಂತ ನೀನು ಅಲ್ಲಿ ಕಾಯುತ್ತಿರುತ್ತೀಯ.

ಮೂರನೆಯ ಬಸ್ಸೂ ಈಗ ಹೋಯಿತು.